ನಿಮ್ಮ ಕೆಲಸಕ್ಕೆ ಕಾಗದದಲ್ಲಿ ಏನು ಹೆಸರು?

ನಿಮ್ಮ ಮನೆಯಲ್ಲಿ ರಿಪೇರಿ ಕೆಲಸ ಮಾಡುವವರು ಯಾರಾದರೂ ಇದ್ದಾರಾ? ಆಸ್ಪತ್ರೆಯ ಪಂಪು ನೋಡುವವರು, ಶಾಲೆಯ ಟ್ಯಾಂಕ್ ತೊಳೆಯುವವರು, ಫ್ಲಾಟುಗಳಲ್ಲಿ ಪೈಪು, ವಯರು ಸರಿ ಮಾಡುವವರು, ಫ್ಯಾಕ್ಟರಿಯಲ್ಲಿ ಮೆಷಿನಿಗೆ ಎಣ್ಣೆ ಬಿಡುವವರು, ರೈಲಿನ ಹಳಿ ಕಾಯುವವರು, ಕರೆಂಟಿನ ಕಂಬ ಹತ್ತುವವರು. ಇವರನ್ನೆಲ್ಲ ಇಂಗ್ಲಿಷಿನಲ್ಲಿ ಮೈಂಟೆನೆನ್ಸ್ ಕೆಲಸಗಾರರು ಅಂತಾರೆ. ನಾವು ನಿರ್ವಹಣಾ ಕೆಲಸಗಾರರು ಎನ್ನೋಣ. ಇವರು ಕೆಲಸ ಮಾಡುವಾಗ ಯಾರಿಗೂ ಕಾಣುವುದಿಲ್ಲ. ಒಂದು ದಿನ ಬಾರದಿದ್ದರೆ ಮಾತ್ರ ಎಲ್ಲರಿಗೂ ಗೊತ್ತಾಗ್ತದೆ.

ಇವರು ಕೆಲಸಕ್ಕೆ ಸೇರುವಾಗ ಒಂದು ಕಾಗದಕ್ಕೆ ಸಹಿ ಹಾಕ್ತಾರೆ. ಅದು ನೇಮಕದ ಪತ್ರ ಇರಬಹುದು, ಕರಾರುಪತ್ರ ಇರಬಹುದು. ಕಾಗದ ಕೈಗೆ ಬಂದ ಕೂಡಲೇ ನಾವು ಹುಡುಕುವುದು ಎಂತ? ಸಂಬಳ ಎಷ್ಟು ಅಂತ. ಅದು ಸಹಜ. ಆದರೆ ಸಂಬಳದ ಸಾಲಿನ ಮೇಲೆ ಇನ್ನೊಂದು ಸಣ್ಣ ಸಾಲು ಇರ್ತದೆ. ಅಲ್ಲಿ ಹುದ್ದೆ, ವರ್ಗ, ದರ್ಜೆ ಎಂದು ಬರೆದಿರುತ್ತಾರೆ. ಅದರ ಎದುರು ಒಂದೋ ಎರಡೋ ಶಬ್ದ. ಹೆಲ್ಪರ್, ಕ್ಯಾಶುವಲ್, ಅರೆಕುಶಲ, ಗ್ರೇಡ್ ಎರಡು, ಹೀಗೆ. ಈ ಒಂದು ಶಬ್ದದ ಮೇಲೆ ನಿಮ್ಮ ಸಂಬಳ, ರಜೆ, ಬಡ್ತಿ, ನಾಳೆ ಕೆಲಸ ಇರ್ತದೋ ಇಲ್ಲವೋ ಎಂಬುದು ನಿಂತಿದೆ. ಅದಕ್ಕೇ ಇವತ್ತು ಆ ಸಾಲನ್ನು ಓದಲು ಕಲಿಯೋಣ.

ಆ ಸಾಲಿನಲ್ಲಿ ಎರಡು ಪ್ರಶ್ನೆಗೆ ಉತ್ತರ ಇರುತ್ತದೆ. ಒಂದು, ನೌಕರಿ ಎಂಥದ್ದು? ಎರಡು, ಕೆಲಸ ಯಾವ ದರ್ಜೆಯದು? ಇವೆರಡೂ ಬೇರೆ ಬೇರೆ. ಖಾಯಂ ಹೆಲ್ಪರ್ ಇರಬಹುದು, ತಾತ್ಕಾಲಿಕ ಎಲೆಕ್ಟ್ರಿಷಿಯನ್ ಕೂಡ ಇರಬಹುದು. ತುಂಬಾ ಜನ ಇದನ್ನು ಒಂದಕ್ಕೊಂದು ಸೇರಿಸಿ ಗೊಂದಲ ಮಾಡಿಕೊಳ್ತಾರೆ.

ನೌಕರಿ ಎಂಥದ್ದು?

ನಮ್ಮ ದೇಶದಲ್ಲಿ 1946ರಲ್ಲಿ ಒಂದು ಕಾಯಿದೆ ಬಂತು. ದೊಡ್ಡ ಕೈಗಾರಿಕೆಗಳು ತಮ್ಮ ಕೆಲಸಗಾರರ ಬಗ್ಗೆ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಬೇಕು ಎಂದು ಆ ಕಾಯಿದೆ ಹೇಳಿತು. ಇವನ್ನು ಸ್ಥಾಯೀ ಆದೇಶಗಳು ಎನ್ನುತ್ತಾರೆ. ಈ ನಿಯಮಗಳ ಪಟ್ಟಿಯಲ್ಲಿ ಮೊದಲನೆಯದೇ ಕೆಲಸಗಾರರ ವರ್ಗೀಕರಣ. ಸರಕಾರ ಕೊಟ್ಟ ಮಾದರಿಯಲ್ಲಿ ಆರು ಬಗೆಯ ಕೆಲಸಗಾರರು ಇದ್ದರು.

ಖಾಯಂ ಎಂದರೆ ನಿಮಗೇ ಗೊತ್ತು. ಖಾಲಿ ಇರುವ ಖಾಯಂ ಜಾಗಕ್ಕೆ ಸೇರಿಸಿ ಮೊದಲು ಪರೀಕ್ಷೆಗೆ ಇಟ್ಟವರು ಪ್ರೊಬೇಷನರ್. ಮಾದರಿಯಲ್ಲಿ ಈ ಪರೀಕ್ಷೆಯ ಕಾಲ ಮೂರು ತಿಂಗಳು. ಖಾಯಂ ಕೆಲಸಗಾರ ರಜೆಯಲ್ಲಿ ಹೋದಾಗ ಅವರ ಜಾಗದಲ್ಲಿ ನಿಲ್ಲುವವರು ಬದಲಿ. ಬೇಗ ಮುಗಿದು ಹೋಗುವ ಕೆಲಸಕ್ಕೆ ತೆಗೆದುಕೊಂಡವರು ತಾತ್ಕಾಲಿಕ. ಆಗೊಮ್ಮೆ ಈಗೊಮ್ಮೆ ಬರುವ ಕೆಲಸಕ್ಕೆ ಕರೆಸುವವರು ಕ್ಯಾಶುವಲ್. ಕಲಿಯುವವರು ಅಪ್ರೆಂಟಿಸ್. 2018ರಲ್ಲಿ ಕೇಂದ್ರದ ನಿಯಮಕ್ಕೆ ಇನ್ನೊಂದು ಬಗೆ ಸೇರಿತು. ಅದು ನಿಗದಿತ ಅವಧಿಯ ನೌಕರಿ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಎಂದು ಮೊದಲೇ ಬರೆದುಕೊಳ್ಳುವುದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತಾತ್ಕಾಲಿಕ ಎಂಬುದು ಮುಖ್ಯವಾಗಿ ಕೆಲಸದ ಗುಣ. ಹೊಸ ಕಟ್ಟಡಕ್ಕೆ ಬಣ್ಣ ಬಳಿಯುವುದು ತಾತ್ಕಾಲಿಕ ಕೆಲಸ. ಬಳಿದಾಯಿತು, ಮುಗಿಯಿತು. ಆದರೆ ಆಸ್ಪತ್ರೆಯ ಪಂಪು? ಅದು ಇವತ್ತೂ ಓಡಬೇಕು, ನಾಳೆಯೂ ಓಡಬೇಕು, ಬರುವ ವರ್ಷವೂ ಓಡಬೇಕು. ಅದನ್ನು ನೋಡುವವರ ಕೆಲಸ ತಾತ್ಕಾಲಿಕ ಆಗುವುದು ಹೇಗೆ? ನಿರ್ವಹಣೆ ಎಂದರೇ ಮುಗಿಯದ ಕೆಲಸ. ಹಾಗಿದ್ದರೂ ಎಷ್ಟೋ ಸಲ ಇವರನ್ನು ತಾತ್ಕಾಲಿಕ, ಕ್ಯಾಶುವಲ್ ಎಂದು ಬರೆಯುತ್ತಾರೆ.

ಕಾನೂನು ಇದನ್ನು ಗಮನಿಸಿದೆ. ಕೈಗಾರಿಕಾ ವಿವಾದಗಳ ಕಾಯಿದೆಯ ಐದನೇ ಪಟ್ಟಿಯಲ್ಲಿ ಮಾಲಕರು ಮಾಡಬಾರದ ಅನ್ಯಾಯದ ಕೆಲಸಗಳನ್ನು ಬರೆದಿದ್ದರು. ಖಾಯಂ ಸವಲತ್ತು ತಪ್ಪಿಸಬೇಕೆಂದೇ ಒಬ್ಬರನ್ನು ವರ್ಷಗಟ್ಟಲೆ ಬದಲಿ, ಕ್ಯಾಶುವಲ್, ತಾತ್ಕಾಲಿಕ ಎಂದು ಇಟ್ಟುಕೊಳ್ಳುವುದು ಅದರಲ್ಲಿ ಒಂದು. 2025 ನವೆಂಬರ್ 21ರಿಂದ ಹಳೆಯ 29 ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಅಲ್ಲಿಯೂ ಈ ಮಾತು ಉಳಿದಿದೆ. ಆದರೆ ಒಂದು ಬದಲಾವಣೆ ಉಂಟು. ಸ್ಥಾಯೀ ಆದೇಶ ಮೊದಲು 100 ಕೆಲಸಗಾರರು ಇರುವಲ್ಲಿ ಬೇಕಿತ್ತು. ಹೊಸ ಸಂಹಿತೆಯಲ್ಲಿ ಅದು 300 ಆಗಿದೆ. ಅಂದರೆ ಸಣ್ಣ ಜಾಗದಲ್ಲಿ ಕೆಲಸ ಮಾಡುವವರಿಗೆ ಗೋಡೆಯ ಮೇಲಿನ ನಿಯಮ ಇಲ್ಲ. ಕೈಯಲ್ಲಿರುವ ಕಾಗದವೇ ಗತಿ. ಎಲ್ಲ ಕೆಲಸಗಾರರಿಗೂ ನೇಮಕದ ಪತ್ರ ಕೊಡಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ. ಇದು ಒಳ್ಳೆಯದು. ನಿಮಗೆ ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ.

ರೈಲು ಹಳಿಯ ಕಥೆ

ನಮ್ಮ ಜಿಲ್ಲೆಯ ಉದ್ದಕ್ಕೂ ರೈಲು ಹಳಿ ಇದೆ. 1907ರಲ್ಲಿ ಈ ದಾರಿಯಾಗಿ ಮಂಗಳೂರಿಗೆ ರೈಲು ಹೋಯಿತು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡು ಎಂದು ಹೋಗುವಾಗ ಹಳಿಯ ಪಕ್ಕದಲ್ಲಿ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ನಡೆಯುವವರನ್ನು ನೀವು ನೋಡಿದ್ದೀರಿ. ಊರಿನವರು ಇವತ್ತಿಗೂ ಗ್ಯಾಂಗ್‌ಮ್ಯಾನ್ ಅಂತಲೇ ಕರೆಯುತ್ತಾರೆ. ಕಾಗದದಲ್ಲಿ ಅವರ ಹೆಸರು ಬದಲಾಗಿದೆ. ಗ್ಯಾಂಗ್‌ಮ್ಯಾನ್ ಹೋಗಿ ಟ್ರ್ಯಾಕ್‌ಮ್ಯಾನ್ ಆಯಿತು, ಆಮೇಲೆ ಟ್ರ್ಯಾಕ್ ಮೇಂಟೇನರ್ ಆಯಿತು. ಅದರಲ್ಲಿ ನಾಲ್ಕು ದರ್ಜೆ. ನಾಲ್ಕನೇ ದರ್ಜೆ ಕೆಳಗಿನದು, ಒಂದನೇ ದರ್ಜೆ ಮೇಲಿನದು. ಇಲ್ಲಿ ಸಂಖ್ಯೆ ಸಣ್ಣದಾದಷ್ಟು ದರ್ಜೆ ದೊಡ್ಡದು. ಓದುವಾಗ ಜಾಗ್ರತೆ!

2016ರಿಂದ ಲೆಕ್ಕಕ್ಕೆ ಬಂದ ಏಳನೇ ವೇತನ ಆಯೋಗದ ಪಟ್ಟಿ ನೋಡಿ. ನಾಲ್ಕನೇ ದರ್ಜೆಯವರ ಮೂಲ ಸಂಬಳ ಶುರುವಾಗುವುದು 18,000 ರೂಪಾಯಿಗೆ. ಮೂರನೇ ದರ್ಜೆಗೆ 19,900. ಎರಡನೇ ದರ್ಜೆಗೆ 25,500. ಒಂದನೇ ದರ್ಜೆಗೆ 29,200. ಹಳಿ ಅದೇ, ಬಿಸಿಲು ಅದೇ, ಮಳೆ ಅದೇ. ದರ್ಜೆ ಬೇರೆಯಾದರೆ ಮೂಲ ಸಂಬಳ ಬೇರೆ. ಮೂಲ ಸಂಬಳದ ಮೇಲೆ ತುಟ್ಟಿಭತ್ಯೆಯ ಲೆಕ್ಕ.

ಇದು ಖಾಯಂ ಆದವರ ಮಾತಾಯಿತು. ಹಳಿಯ ಕೆಲಸಕ್ಕೆ ರೈಲ್ವೆ ಬಹಳ ವರ್ಷ ಕ್ಯಾಶುವಲ್ ಕೂಲಿಯವರನ್ನೂ ಇಟ್ಟುಕೊಂಡಿತ್ತು. ಅವರಿಗೊಂದು ನಿಯಮ ಇತ್ತು. ಓಡುತ್ತಿರುವ ಹಳಿಯ ಕೆಲಸದಲ್ಲಿ 120 ದಿನ ಬಿಡದೆ ದುಡಿದರೆ ತಾತ್ಕಾಲಿಕ ನೌಕರ ಎಂಬ ಸ್ಥಾನ ಸಿಗುತ್ತಿತ್ತು. ಅದರ ಜತೆ ಕೆಲವು ಸವಲತ್ತು. ಆದರೆ ಹೊಸ ಯೋಜನೆಯ ಕೆಲಸ, ಅಂದರೆ ಪ್ರಾಜೆಕ್ಟ್ ಕೆಲಸ ಎಂದು ಬರೆದುಬಿಟ್ಟರೆ ಈ 120 ದಿನದ ಲೆಕ್ಕ ಇಲ್ಲ. ನೋಡಿ, ಕೆಲಸಗಾರನ ಹೆಸರು ಮಾತ್ರ ಅಲ್ಲ, ಕೆಲಸಕ್ಕೆ ಇಟ್ಟ ಹೆಸರೂ ಹೊಟ್ಟೆಗೆ ಹೊಡೆಯುತ್ತದೆ.

ದಕ್ಷಿಣ ರೈಲ್ವೆಯ ಒಬ್ಬ ಕೆಲಸಗಾರರ ಮೊಕದ್ದಮೆ ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು 1948ರಲ್ಲಿ ಸೇರಿದವರು. ಇಪ್ಪತ್ತಕ್ಕಿಂತ ಹೆಚ್ಚು ವರ್ಷ ದುಡಿದ ಮೇಲೂ ದಾಖಲೆಯಲ್ಲಿ ಕ್ಯಾಶುವಲ್. ಕೆಲವು ದಿನ ಬರಲಿಲ್ಲ ಎಂದು ಹೆಸರು ಹೊಡೆದು ಹಾಕಿದರು. 1982ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ರೈಲ್ವೆಯ ನಿರ್ಮಾಣ ವಿಭಾಗ ಯಾವಾಗಲೂ ಇರುವ ವಿಭಾಗ, ಅದನ್ನು ಪ್ರಾಜೆಕ್ಟ್ ಎಂದು ಕರೆಯಲು ಬರುವುದಿಲ್ಲ, ಅವರಿಗೆ ತಾತ್ಕಾಲಿಕ ನೌಕರನ ಸ್ಥಾನ ಎಂದೋ ಸಿಕ್ಕಿದೆ ಎಂದಿತು. ಹೆಸರು ಹೊಡೆದು ಹಾಕಿದ್ದೂ ಕೆಲಸದಿಂದ ತೆಗೆದ ಹಾಗೆಯೇ, ಅದಕ್ಕೆ ಕಾನೂನಿನ ಕ್ರಮ ಪಾಲಿಸಬೇಕಿತ್ತು ಎಂದೂ ಹೇಳಿತು.

ಹಾಗಂತ ಕೋರ್ಟಿಗೆ ಹೋದವರೆಲ್ಲ ಖಾಯಂ ಆದರು ಅಂತ ತಿಳಿಯಬೇಡಿ. ಕರ್ನಾಟಕದ ದಿನಗೂಲಿ ನೌಕರರ ಮೊಕದ್ದಮೆಯಲ್ಲಿ 2006ರ ಏಪ್ರಿಲ್ 10ರಂದು ಒಂದು ದೊಡ್ಡ ತೀರ್ಪು ಬಂತು. ಎಲ್ಲರೂ ಅದನ್ನು ಉಮಾದೇವಿ ತೀರ್ಪು ಅಂತಾರೆ. ಸರಕಾರಿ ಕೆಲಸದಲ್ಲಿ ಕ್ರಮವಾಗಿ ನೇಮಕ ಆಗದವರು ಎಷ್ಟೋ ವರ್ಷ ದುಡಿದರು ಎಂಬ ಒಂದೇ ಕಾರಣಕ್ಕೆ ಖಾಯಂ ಮಾಡಿ ಎಂದು ಕೇಳಲು ಹಕ್ಕಿಲ್ಲ ಎಂದು ಆ ತೀರ್ಪು ಹೇಳಿತು. ಆಮೇಲೆ ಎಷ್ಟೋ ಕಚೇರಿಗಳು ಈ ತೀರ್ಪನ್ನು ಬಾಗಿಲಿಗೆ ಹಾಕುವ ಚಿಲಕದ ಹಾಗೆ ಉಪಯೋಗಿಸಿದವು.

ಚಿಲಕ ಸ್ವಲ್ಪ ಸಡಿಲವಾದದ್ದು 2024ರ ಡಿಸೆಂಬರ್ 20ರಂದು. ಕೇಂದ್ರ ಜಲ ಆಯೋಗದ ಫರೀದಾಬಾದ್ ಕಚೇರಿಯಲ್ಲಿ ಗುಡಿಸುವ, ಒರೆಸುವ, ತೋಟ ನೋಡುವ ಕೆಲಸಗಾರರು ಇದ್ದರು. ಕೆಲವರು 1993ರಿಂದ ದುಡಿಯುತ್ತಿದ್ದವರು. ಕಾಗದದಲ್ಲಿ ಅವರನ್ನು ಅರೆಕಾಲಿಕ, ತಾತ್ಕಾಲಿಕ ಎಂದು ಬರೆದಿದ್ದರು. 2018ರಲ್ಲಿ ಒಂದೇ ಸಲ ಎಲ್ಲರನ್ನೂ ತೆಗೆದರು. ಕೆಳಗಿನ ಎರಡು ಕಡೆ ಅವರು ಸೋತರು. ಸುಪ್ರೀಂ ಕೋರ್ಟು ಮಾತ್ರ ಕಾಗದದ ಹೆಸರನ್ನು ಬಿಟ್ಟು ಕೆಲಸವನ್ನು ನೋಡಿತು. ಕಚೇರಿ ಇರುವಷ್ಟು ಕಾಲ ಬೇಕಾದ ಕೆಲಸ, ದಿನಾ ಮಾಡಿದ ಕೆಲಸ, ಅದಕ್ಕೆ ಇಟ್ಟ ಹೆಸರು ಏನೇ ಇರಲಿ ಎಂದು ಅವರನ್ನು ಮರಳಿ ಸೇರಿಸಿ ಖಾಯಂ ಮಾಡಲು ಹೇಳಿತು. ಗುಡಿಸುವ ಹೆಂಗಸರು ದೆಹಲಿಯ ಕೋರ್ಟಿನಲ್ಲಿ ಗೆದ್ದ ಸುದ್ದಿ ಇದು. ನಮ್ಮ ಊರಿನಲ್ಲಿ ಪಾರ್ಟ್ ಟೈಮ್ ಎಂದು ಬರೆಸಿಕೊಂಡು ಬೆಳಗಿನಿಂದ ಸಂಜೆವರೆಗೆ ದುಡಿಯುವ ಅಕ್ಕಂದಿರು ಇದನ್ನು ಎರಡು ಸಲ ಓದಬೇಕು.

ಕೆಲಸ ಯಾವ ದರ್ಜೆಯದು?

ಈಗ ಎರಡನೇ ಪ್ರಶ್ನೆ. ಕನಿಷ್ಠ ಕೂಲಿಯ ಲೆಕ್ಕದಲ್ಲಿ ಕೆಲಸವನ್ನು ನಾಲ್ಕು ದರ್ಜೆ ಮಾಡ್ತಾರೆ. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. 1948ರ ಕನಿಷ್ಠ ವೇತನ ಕಾಯಿದೆಯ ಕಾಲದಿಂದ ಈ ರೂಢಿ ಬಂದಿದೆ. 2019ರಲ್ಲಿ ಆದ ವೇತನ ಸಂಹಿತೆಯಲ್ಲೂ ಇವೇ ನಾಲ್ಕು ಹೆಸರು.

ಹೇಳಿದ್ದನ್ನು ಎತ್ತಿಡುವುದು, ಹೊರುವುದು, ತೊಳೆಯುವುದು ಅಕುಶಲ ಎಂದು ಲೆಕ್ಕ. ಮಾಡ್ತಾ ಮಾಡ್ತಾ ಕೈ ಪಳಗಿ, ಆದರೂ ಮೇಲಿನವರು ತೋರಿಸಿದ ಹಾಗೆ ಮಾಡುವುದು ಅರೆಕುಶಲ. ಎಲ್ಲಿ ಕೆಟ್ಟಿದೆ ಎಂದು ತಾನೇ ಹುಡುಕಿ, ತಾನೇ ಯೋಚಿಸಿ ಸರಿ ಮಾಡುವುದು ಕುಶಲ. ಇತರರಿಗೆ ತೋರಿಸಿಕೊಡುವ, ಅವರ ಕೆಲಸದ ಹೊಣೆ ಹೊರುವ ಪಳಗಿದ ಕೈ ಅತಿಕುಶಲ. ಅಕುಶಲ ಎಂದರೆ ಬುದ್ಧಿ ಇಲ್ಲದ ಕೆಲಸ ಎಂದಲ್ಲ. ಭಾವಿಗೆ ಇಳಿದು ಕೆಸರು ತೆಗೆಯುವುದಕ್ಕೆ ಎಷ್ಟು ಬುದ್ಧಿ ಬೇಕು ಎಂದು ಇಳಿದವರಿಗೇ ಗೊತ್ತು. ಇದು ಸರಕಾರದ ಲೆಕ್ಕದ ಶಬ್ದ, ಅಷ್ಟೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಉಂಟು. ಕಾಗದ ಹೆಚ್ಚಾಗಿ ಮಲೆಯಾಳದಲ್ಲಿ ಇರ್ತದೆ. ಓದಲು ಕಲಿತದ್ದು ಕನ್ನಡ, ಸಹಿ ಹಾಕುವುದು ಮಲೆಯಾಳದ ಕಾಗದಕ್ಕೆ! ಹಾಗಾಗಿ ಕೆಲವು ಶಬ್ದ ತಿಳಿದಿರಲಿ. ತಸ್ತಿಕ ಎಂದರೆ ಹುದ್ದೆ. ಸ್ಥಿರಂ ಎಂದರೆ ಖಾಯಂ. ತಾಲ್ಕಾಲಿಕಂ ಎಂದರೆ ತಾತ್ಕಾಲಿಕ. ದಿವಸವೇತನಂ ಎಂದರೆ ದಿನಗೂಲಿ. ಇನ್ನು ವಿದಗ್ಧ ಎಂದು ಬರೆದಿದ್ದರೆ ಗಾಬರಿ ಬೇಡ. ದಗ್ಧ ಎಂದರೆ ಸುಟ್ಟದ್ದು, ಇದೇನು ಮಾರಾಯ್ರೇ ಎಂದು ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬರು ಕೇಳಿದ್ದರು. ಮಲೆಯಾಳದಲ್ಲಿ ವಿದಗ್ಧ ಎಂದರೆ ಕುಶಲ. ಅವಿದಗ್ಧ ಎಂದರೆ ಅಕುಶಲ. ಅರ್ಧವಿದಗ್ಧ ಎಂದರೆ ಅರೆಕುಶಲ. ಒಂದು 'ಅ' ಅಕ್ಷರ ಮುಂದೆ ಇದ್ದರೆ ಕೂಲಿ ಕೆಳಗೆ ಇಳಿಯಿತು.

ಎಷ್ಟು ಇಳಿಯುತ್ತದೆ? ಒಂದು ಲೆಕ್ಕ ಮಾಡೋಣ. ಇದು ಉದಾಹರಣೆ ಮಾತ್ರ, ನಿಜವಾದ ದರ ಬೇರೆ ಇರಬಹುದು. ಒಂದು ಕಡೆ ಹೆಲ್ಪರಿಗೆ ದಿನಕ್ಕೆ 500 ರೂಪಾಯಿ, ಎಲೆಕ್ಟ್ರಿಷಿಯನ್ನಿಗೆ 700 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರು ಕಾಗದದಲ್ಲಿ ಹೆಲ್ಪರ್. ಆದರೆ ಫ್ಯೂಸ್ ಕಟ್ಟುವುದು, ವಯರಿಂಗ್ ಮಾಡುವುದು, ಮೋಟಾರ್ ಬಿಚ್ಚುವುದು ಎಲ್ಲ ಅವರೇ. ದಿನಕ್ಕೆ ನಷ್ಟ 200 ರೂಪಾಯಿ. ತಿಂಗಳಿಗೆ 26 ದಿನ ಕೆಲಸ. 200 ಗುಣಿಸು 26, ಅಂದರೆ 5,200. ವರ್ಷಕ್ಕೆ 12 ತಿಂಗಳು. 5,200 ಗುಣಿಸು 12, ಅಂದರೆ 62,400 ರೂಪಾಯಿ. ಹತ್ತು ವರ್ಷ ಹೀಗೇ ಕಳೆದರೆ? ಅದನ್ನು ನೀವೇ ಮಾಡಿ. ಇಷ್ಟೇ ಅಲ್ಲ. ಪಿ.ಎಫ್., ಗ್ರಾಚ್ಯುಟಿ, ಅಪಘಾತದ ಪರಿಹಾರ ಎಲ್ಲದರ ಲೆಕ್ಕ ಸಂಬಳದ ಮೇಲೆಯೇ. ಬುಡ ಸಣ್ಣದಾದರೆ ಮರವೇ ಸಣ್ಣದು.

ಅಪಘಾತದ ಮಾತು ಬಂದ ಕಾರಣ ಕರೆಂಟಿನವರನ್ನು ನೋಡೋಣ. ಕೆ.ಎಸ್.ಇ.ಬಿ.ಯಲ್ಲಿ ಮೆಟ್ಟಲು ಮೆಟ್ಟಲಾಗಿ ಹೆಸರುಗಳಿವೆ. ಕೆಳಗಿನಿಂದ ಎಲೆಕ್ಟ್ರಿಸಿಟಿ ವರ್ಕರ್, ಅದರ ಹಳೆಯ ಹೆಸರು ಮಜ್ದೂರ್. ಆಮೇಲೆ ಲೈನ್‌ಮ್ಯಾನ್ ಎರಡನೇ ದರ್ಜೆ, ಲೈನ್‌ಮ್ಯಾನ್ ಒಂದನೇ ದರ್ಜೆ, ಓವರ್ಸಿಯರ್. ಸಂಬಳವನ್ನು ಬೋರ್ಡು ಮತ್ತು ಯೂನಿಯನ್‌ಗಳು ಕೂತು ಮಾತಾಡಿ ದೀರ್ಘಾವಧಿ ಒಪ್ಪಂದದಲ್ಲಿ ಬರೆಯುತ್ತಾರೆ. ಇಂಥ ಮೆಟ್ಟಲು ಇರುವ ಕಡೆ ಯಾರು ಕಂಬ ಹತ್ತಬೇಕು, ಯಾರು ಕೆಳಗೆ ನಿಂತು ಕೊಡಬೇಕು ಎಂದು ಗೊತ್ತಿರುತ್ತದೆ. ಮೆಟ್ಟಲು ಇಲ್ಲದ ಸಣ್ಣ ಜಾಗದಲ್ಲಿ "ಏ, ಸ್ವಲ್ಪ ಹತ್ತಿ ನೋಡು" ಎಂದು ಹೆಲ್ಪರನ್ನೇ ಹತ್ತಿಸುತ್ತಾರೆ. ಬಿದ್ದ ಮೇಲೆ, ಅವನು ಹೆಲ್ಪರ್, ಹತ್ತಲು ನಾವು ಹೇಳಲೇ ಇಲ್ಲ ಎನ್ನುವವರೂ ಇದ್ದಾರೆ. ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಅದಕ್ಕೆ ಹೇಳುವುದು, ದರ್ಜೆಯ ಸಾಲು ಸಂಬಳದ ವಿಷಯ ಮಾತ್ರ ಅಲ್ಲ, ಜೀವದ ವಿಷಯ.

ಹೆಸರನ್ನು ಕೆಳಗೆ ಇಳಿಸಬಹುದಾ?

ಮಾಲಕರು ಮನಸ್ಸು ಬಂದ ಹಾಗೆ ದರ್ಜೆ ಬದಲಾಯಿಸಲು ಆಗುವುದಿಲ್ಲ. ಕೈಗಾರಿಕೆಗಳಲ್ಲಿ ದರ್ಜೆಯ ವರ್ಗೀಕರಣ ಬದಲಾಯಿಸಿ ಕೆಲಸಗಾರರಿಗೆ ನಷ್ಟ ಆಗುವುದಾದರೆ 21 ದಿನ ಮುಂಚೆ ನೋಟೀಸು ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಇದು ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಯೂನಿಯನ್ ಜತೆ ಒಪ್ಪಂದ ಮಾಡಿಕೊಂಡೇ ಬದಲಾಯಿಸಿದರೆ ಈ ನೋಟೀಸು ಬೇಡ. ಆದ್ದರಿಂದ ಯೂನಿಯನ್‌ನವರು ಏನಕ್ಕೆ ಸಹಿ ಹಾಕುತ್ತಿದ್ದಾರೆ ಎಂದು ಮೊದಲೇ ಕೇಳಿ. ಕೇಳಿದರೆ ಅವರು ಸಿಟ್ಟಾಗಬಾರದು.

ಕಂಪೆನಿ ಕೈ ಬದಲಾದಾಗಲೂ ಹಳೆಯ ಕಾಗದ ಬೇಕಾಗುತ್ತದೆ. ನಮ್ಮ ಬೇದ್ರಡ್ಕದ ಕೆಲ್ ಫ್ಯಾಕ್ಟರಿಯನ್ನೇ ನೋಡಿ. ರಾಜ್ಯ ಸರಕಾರದ್ದಾಗಿದ್ದ ಅದು 2011ರಲ್ಲಿ ಬಿ.ಎಚ್.ಇ.ಎಲ್. ಜತೆಗಿನ ಕೂಟ ಕಂಪೆನಿ ಆಯಿತು. 2020ರಲ್ಲಿ ಬಾಗಿಲು ಮುಚ್ಚಿತು. 2021ರಲ್ಲಿ ರಾಜ್ಯ ಅದನ್ನು ಹಿಂದೆ ತೆಗೆದುಕೊಂಡಿತು. 2022ರ ಏಪ್ರಿಲಿನಲ್ಲಿ ಹೊಸ ಹೆಸರಿನಲ್ಲಿ ಪುನಃ ತೆರೆಯಿತು. ಹತ್ತು ಹನ್ನೊಂದು ವರ್ಷದಲ್ಲಿ ಬೋರ್ಡು ಇಷ್ಟು ಸಲ ಬದಲಾದರೆ, ನೀವು ಎಂದು ಸೇರಿದಿರಿ, ಯಾವ ದರ್ಜೆ ಎಂದು ತೋರಿಸುವುದು ಯಾವುದು? ನಿಮ್ಮ ಪೆಟ್ಟಿಗೆಯ ಅಡಿಯಲ್ಲಿರುವ ಕಾಗದ.

ಕಂತ್ರಾಟುದಾರರ ಕೆಳಗೆ ಇರುವವರಿಗೆ ಒಂದು ಮಾತು. ಖಾಯಂ ಕೆಲಸಗಾರ ಮಾಡುವ ಕೆಲಸವನ್ನೇ ಅದೇ ಹೊಣೆಯಲ್ಲಿ ತಾತ್ಕಾಲಿಕ ಕೆಲಸಗಾರ ಮಾಡಿದರೆ ಅದೇ ದರ್ಜೆಯ ಕನಿಷ್ಠ ಸಂಬಳ ಸಿಗಬೇಕು ಎಂದು 2016ರ ಅಕ್ಟೋಬರ್ 26ರಂದು ಸುಪ್ರೀಂ ಕೋರ್ಟು ಹೇಳಿದೆ. ಅದು ಪಂಜಾಬ್ ಸರಕಾರದ ತಾತ್ಕಾಲಿಕ ನೌಕರರ ಮೊಕದ್ದಮೆ. ನಿಮ್ಮ ವಿಷಯಕ್ಕೆ ಅದು ಹೊಂದುತ್ತದಾ ಎಂದು ವಕೀಲರು ನೋಡಿ ಹೇಳಬೇಕು. ಆದರೆ ಕೇಳಲು ನಾಚಿಕೆ ಬೇಡ.

ಈಗ ನೀವು ಮಾಡಬೇಕಾದದ್ದು

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಕ್ಷರ ಕಲಿತದ್ದು ಇದಕ್ಕೂ ಆಗಲಿ. ದಿನಾ ಮಲಗುವ ಮೊದಲು ತಾರೀಕು ಹಾಕಿ ಒಂದು ಸಾಲು ಬರೆಯಿರಿ. "ಇವತ್ತು ಎರಡನೇ ಮೋಟಾರಿನ ಬೇರಿಂಗ್ ಬದಲಾಯಿಸಿದೆ. ಹೇಳಿದವರು ಸೂಪರ್‌ವೈಸರ್." ಇಷ್ಟು ಸಾಕು. ತಪ್ಪು ಅಕ್ಷರ ಇದ್ದರೂ ಅಡ್ಡಿಯಿಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಆದರೆ ಕಾನೂನಿನ ಲೆಕ್ಕದಲ್ಲಿ ಒಂದು ವರ್ಷ ಬಿಡದೆ ಕೆಲಸ ಮಾಡಿದ ಹಾಗೆ. ಆಮೇಲೆ ಕೆಲಸ ಇಲ್ಲ ಎಂದು ತೆಗೆಯಬೇಕಾದರೆ ನೋಟೀಸು ಬೇಕು, ಪರಿಹಾರ ಬೇಕು. ದಿನ ಎಣಿಸಿದವರ ಮಾತಿಗೆ ತೂಕ ಇರ್ತದೆ.

ಕೈಕೆಲಸ ಗೊತ್ತಿದೆ, ಸರ್ಟಿಫಿಕೇಟ್ ಇಲ್ಲ ಎನ್ನುವವರು ಅದನ್ನೂ ಮಾಡಿಸಿಕೊಳ್ಳಿ. ಕರೆಂಟಿನ ಕೆಲಸದವರಿಗೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಮೂಲಕ ವಯರ್‌ಮ್ಯಾನ್ ಪರ್ಮಿಟ್ ಉಂಟು. ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸರಕಾರಿ ಯೋಜನೆಗಳೂ ಇವೆ. ಐ.ಟಿ.ಐ.ಯಲ್ಲಿ ಹೋಗಿ ವಿಚಾರಿಸಿ. ಮಾಲಕರು ಮೊದಲು ಕೇಳುವುದೇ "ಸರ್ಟಿಫಿಕೇಟ್ ಎಲ್ಲಿ?" ಅಂತ.

ಆಮೇಲೆ ಒಂದು ಅರ್ಜಿ ಬರೆಯಿರಿ. ಉದ್ದ ಬೇಡ. ಎಂದು ಸೇರಿದಿರಿ, ಕಾಗದದಲ್ಲಿ ಯಾವ ಹುದ್ದೆ, ನಿಜವಾಗಿ ಮಾಡುವ ಕೆಲಸ ಯಾವುದು, ಯಾವ ದರ್ಜೆ ಬೇಕು, ನಾಲ್ಕೇ ಸಂಗತಿ. ಮೊದಲು ಮಾಲಕರಿಗೆ ಕೊಡಿ. ಉತ್ತರ ಬಾರದಿದ್ದರೆ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿರುವ ಜಿಲ್ಲಾ ಲೇಬರ್ ಆಫೀಸಿಗೆ ಹೋಗಿ. ನಿಮ್ಮ ಕೆಲಸಕ್ಕೆ ಈಗ ಕನಿಷ್ಠ ಕೂಲಿ ಎಷ್ಟು ಎಂಬುದನ್ನೂ ಅಲ್ಲೇ ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಂಟು. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೂ, ಪರಿಶಿಷ್ಟ ಜಾತಿ, ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಅಲ್ಲಿ ಕಾನೂನು ನೆರವು ಉಚಿತ.

ಅರ್ಜಿ ಕನ್ನಡದಲ್ಲೇ ಬರೆಯಬಹುದಾ? ಬರೆಯಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಇದೆ. ಕೌಂಟರಿನಲ್ಲಿ ಮಲೆಯಾಳದಲ್ಲಿ ಬರೆದು ತನ್ನಿ ಎಂದರೆ ಮೆಲ್ಲಗೆ ಈ ಮಾತು ಹೇಳಿ, ಅರ್ಜಿ ಅಲ್ಲೇ ಕೊಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದು ಅವರಿಗೆ. ಇನ್ನೊಂದರ ಮೇಲೆ ತಾರೀಕು ಹಾಕಿಸಿ, ಸೀಲು ಒತ್ತಿಸಿ ಮನೆಗೆ ತನ್ನಿ. ರೇಷನ್ ಕಾರ್ಡು ಇಡುವ ಜಾಗದಲ್ಲೇ ಅದನ್ನೂ ಇಡಿ.